ನಡುವೆ ನಿಲ್ಲುವುದು ಮಧ್ಯಮ ಮಾರ್ಗವೇ?

ಊರಿನಲ್ಲಿ ಯಾರಿಗೂ ಬೇಡವಾಗದೆ ಬದುಕುವವನನ್ನು ನಾವು ಒಳ್ಳೆಯವನು ಎನ್ನುತ್ತೇವೆ. ಎರಡು ಕಡೆಯವರ ಜಗಳದಲ್ಲಿ ಎರಡೂ ಮನೆಯಲ್ಲಿ ಕರೆದು ಚಹಾ ಕೊಟ್ಟರೆ ಅವನು ಮಧ್ಯಸ್ಥ. ಧರ್ಮದ ವಿಷಯ ಬಂದಾಗ ಅಂಥವನಿಗೆ ಇನ್ನೂ ದೊಡ್ಡ ಹೆಸರುಗಳಿವೆ. ಸೌಮ್ಯವಾದಿ, ಮಧ್ಯಮಮಾರ್ಗಿ, ವಿಚಾರವಂತ. ನಮ್ಮ ಹೋಬಳಿಯಲ್ಲಿ ಬಹಳ ವರ್ಷ ನನಗೂ ಈ ಹೆಸರಿತ್ತು. ಅದು ನನಗೆ ಸಲ್ಲಬೇಕಾದದ್ದಲ್ಲ ಎಂದು ಅರ್ಥವಾಗಲು ಒಬ್ಬ ಬಡ ಹೆಣ್ಣುಮಗಳ ಪ್ರಶ್ನೆ ಬೇಕಾಯಿತು, ಹಾಸನದ ಒಬ್ಬ ವಕೀಲೆಯ ಬದುಕೂ ಬೇಕಾಯಿತು.

ಕೊಡಿಗೇನಹಳ್ಳಿ ಮಧುಗಿರಿ ತಾಲ್ಲೂಕಿನ ಗಡಿ ಹೋಬಳಿ. ಇಲ್ಲಿಂದ ಆಂಧ್ರದ ಹಿಂದೂಪುರವೂ ದೂರವಲ್ಲ. ಜಯಮಂಗಲಿ ಹೆಸರಿಗೆ ನದಿ, ವರ್ಷದ ಹೆಚ್ಚಿನ ಕಾಲ ಬರೀ ಮರಳು. ನಮ್ಮವರ ಮನೆಗಳಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ವ್ಯಾಪಾರಕ್ಕೆ ತೆಲುಗು. ಕಡಲೆಕಾಯಿ ಬೆಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರಿಗೋ ಹಿಂದೂಪುರಕ್ಕೋ ದುಡಿಯಲು ಹೋಗುತ್ತಾರೆ, ಹೆಂಗಸರು ಊದುಬತ್ತಿ ಹೊಸೆಯುತ್ತಾರೆ. ಈ ಭಾಗದ ಶಾಲೆಗಳಲ್ಲಿ ಮೇಷ್ಟ್ರಾಗಿ ದುಡಿದವನು ನಾನು. ನಾಲ್ಕಕ್ಷರ ಬಲ್ಲವನೆಂಬ ಕಾರಣಕ್ಕೆ ಅಕ್ಕಪಕ್ಕದ ಊರುಗಳ ಜಮಾಅತ್‌ನವರು ಪಂಚಾಯಿತಿಗೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು.

1999ರಲ್ಲಿ ಅಂಥ ಒಂದು ಪಂಚಾಯಿತಿ ನಡೆಯಿತು. ಲಾರಿ ಓಡಿಸುತ್ತಿದ್ದ ಗಂಡ ದೂರದ ಊರಿನಿಂದ ಒಂದು ಕಾಗದ ಬರೆದು ಮೂರು ತಲಾಕ್ ಹೇಳಿದ್ದ. ಹೆಂಡತಿಗೆ ಎರಡು ಮಕ್ಕಳು. ನಾವೆಲ್ಲ ಮಸೀದಿಯ ಒಳಗೆ ಚಾಪೆಯ ಮೇಲೆ ಕುಳಿತಿದ್ದೆವು. ಆಕೆ ಹೊರಗೆ ಅಂಗಳದ ಬೇವಿನ ಮರದ ಕೆಳಗೆ, ಮಡಿಲಲ್ಲಿ ಮಗು ಮಲಗಿಸಿಕೊಂಡು ಕೂತಿದ್ದಳು. ಆಕೆಯ ಪರವಾಗಿ ಮಾತಾಡಲು ಬಂದಿದ್ದ ತಮ್ಮ ಇನ್ನೂ ಮೀಸೆ ಚಿಗುರದ ಹುಡುಗ. ಹಿರಿಯರ ಮುಂದೆ ತಲೆ ಎತ್ತಲಿಲ್ಲ. ನಾನು ನೀರು ಕುಡಿಯಲು ಹೊರಗೆ ಬಂದಾಗ ಆಕೆ ಕೇಳಿದಳು: "ಮೇಷ್ಟ್ರೇ, ನನ್ನ ಮಾತು ನಾನೇ ಬಂದು ಹೇಳಬಾರದಾ?"

"ನೋಡೋಣಮ್ಮ" ಎಂದು ಒಳಗೆ ಹೋದೆ. ಒಳಗೆ ಆ ಪ್ರಶ್ನೆ ಎತ್ತಲಿಲ್ಲ. ನಿಕಾಹ್‌ನಾಮೆಯಲ್ಲಿ ಬರೆದಿದ್ದ 786 ರೂಪಾಯಿ ಮಹ್ರ್, ಇದ್ದತ್‌ನ ಮೂರು ತಿಂಗಳ ಖರ್ಚು, ಇಷ್ಟು ಕೊಡಿಸುವುದೆಂದು ತೀರ್ಮಾನವಾಯಿತು. "ಮೇಷ್ಟ್ರೇ, ನೀವೇನಂತೀರಿ?" ಎಂದು ಹಿರಿಯರು ಕೇಳಿದರು. "ಎಲ್ಲರಿಗೂ ಸಮಾಧಾನ ಆಗುವ ಹಾಗೆ ಮಾಡಿ" ಎಂದೆ. ಎರಡೂ ಕಡೆಯವರು ನನ್ನ ಕೈಕುಲುಕಿ ಹೋದರು. ಆಕೆಯ ಸಮಾಧಾನವನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಾಸನದ ವಕೀಲೆ

ಮರುವರ್ಷ, 2000ದಲ್ಲಿ, ಹಾಸನದ ಸುದ್ದಿ ಬಂತು. ಮುಸ್ಲಿಂ ಮಹಿಳೆಯರಿಗೆ ಮಸೀದಿಗೆ ಹೋಗಿ ನಮಾಝ್ ಮಾಡುವ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ ಬಾನು ಮುಷ್ತಾಕ್ ಅವರ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ ಹಾಕಿದ್ದರು. ಅದು ಮೂರು ತಿಂಗಳು ನಡೆಯಿತು. ಚೂರಿ ಹಿಡಿದು ಬಂದ ಒಬ್ಬನನ್ನು ಅವರ ಪತಿ ತಡೆದು ಉಳಿಸಿಕೊಳ್ಳಬೇಕಾಯಿತು. ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಬೇವಿನ ಮರ. ನಾನು ಒಳಗೆ ಹೇಳಲಾಗದ ಮಾತನ್ನು ಆ ಹೆಣ್ಣುಮಗಳು ಇಡೀ ನಾಡಿಗೆ ಕೇಳುವಂತೆ ಹೇಳಿದ್ದರು.

ಬಾನು ಅವರು 1948ರಲ್ಲಿ ಹಾಸನದಲ್ಲಿ ಹುಟ್ಟಿದವರು. ಮನೆಮಾತು ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಷನರಿ ಶಾಲೆಗೆ ಕನ್ನಡ ಮಾಧ್ಯಮಕ್ಕೆ ಸೇರಿದರು. ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕೆಂಬ ಷರತ್ತಿನ ಮೇಲೆ ಸೇರಿಸಿಕೊಂಡರಂತೆ. ಹುಡುಗಿಗೆ ಅಷ್ಟು ದಿನವೇ ಬೇಕಾಗಲಿಲ್ಲ. ಬಂಡಾಯ ಚಳವಳಿಯ ಕಾಲದಲ್ಲಿ ಕಥೆಗಾರ್ತಿಯಾಗಿ ಬೆಳೆದರು. 'ಲಂಕೇಶ್ ಪತ್ರಿಕೆ'ಗೆ ವರದಿಗಾರ್ತಿಯಾಗಿ ಹಾಸನದ ಸಂಗತಿಗಳನ್ನು ಬರೆದರು. ಊರಿನ ನಗರಾಡಳಿತಕ್ಕೆ ಚುನಾಯಿತರಾದರು. ಆಮೇಲೆ ಕರಿಕೋಟು ತೊಟ್ಟು ವಕೀಲಿ ವೃತ್ತಿಗೆ ಬಂದರು.

ಅವರ 'ಕರಿ ನಾಗರಗಳು' ಕಥೆ ಓದಿದಾಗ ಒಂದು ಗಳಿಗೆ ನಮ್ಮ ಪಂಚಾಯಿತಿಯನ್ನೇ ಯಾರೋ ಮರೆಯಲ್ಲಿ ನಿಂತು ನೋಡಿದ್ದಾರೆ ಅನ್ನಿಸಿತು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮುತವಲ್ಲಿಯ ನ್ಯಾಯಕ್ಕಾಗಿ ಮಸೀದಿಯ ಬಳಿ ಕಾದು ಕೂರುವ ಕಥೆ ಅದು. ಧರ್ಮ ನಿನಗೆ ಇಂತಿಂಥ ಹಕ್ಕು ಕೊಟ್ಟಿದೆ ಎಂದು ಆಕೆಗೆ ಹೇಳುವವಳೂ ಒಬ್ಬ ಓದಿದ ಮುಸ್ಲಿಂ ಹೆಂಗಸೇ. ಗಿರೀಶ್ ಕಾಸರವಳ್ಳಿಯವರು ಇದನ್ನು ಆಧರಿಸಿ 2004ರಲ್ಲಿ 'ಹಸೀನಾ' ಚಿತ್ರ ಮಾಡಿದರು. ಹಸೀನಾಳ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಈ ಕಥೆಯಲ್ಲಿ ಗಮನಿಸಬೇಕಾದದ್ದೊಂದಿದೆ. ಅಲ್ಲಿ ಧರ್ಮ ಅಪರಾಧಿಯ ಕಟಕಟೆಯಲ್ಲಿಲ್ಲ. ಧರ್ಮ ಕೊಟ್ಟದ್ದನ್ನು ಕೊಡಿಸದೆ ಕೂತವರು ಕಟಕಟೆಯಲ್ಲಿದ್ದಾರೆ.

ಬಾನು ಅವರು ಧಾರ್ಮಿಕ ಪಂಡಿತೆಯಲ್ಲ, ಕಥೆಗಾರ್ತಿ, ವಕೀಲೆ. ಹಾಗಿದ್ದೂ ಮಧ್ಯಮ ಮಾರ್ಗ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ದೊಡ್ಡ ಗ್ರಂಥಗಳಿಗಿಂತ ಅವರ ಬದುಕು ಹೆಚ್ಚು ನೆರವಾಗಿದೆ. ಏಕೆಂದು ಹೇಳುವ ಮೊದಲು 'ಮಧ್ಯಮ' ಎಂಬ ಪದವನ್ನೇ ಸ್ವಲ್ಪ ನೋಡಬೇಕು.

ತಕ್ಕಡಿಯ ಮುಳ್ಳು

ಪವಿತ್ರ ಕುರ್‌ಆನ್‌ನ 'ಅಲ್ ಬಕರ' ಅಧ್ಯಾಯದಲ್ಲಿ ವಿಶ್ವಾಸಿಗಳನ್ನು 'ಉಮ್ಮತನ್ ವಸತನ್' ಎಂದು ಕರೆಯಲಾಗಿದೆ. ನಾವು ಇದನ್ನು ಮಧ್ಯಮ ಸಮುದಾಯ ಎಂದು ಅನುವಾದಿಸಿ, ಅತಿಗೆ ಹೋಗದವರು, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬ ಅರ್ಥದಲ್ಲಿ ಉಪನ್ಯಾಸ ಕೊಡುತ್ತೇವೆ. ಆದರೆ 'ಸಹೀಹ್ ಬುಖಾರಿ'ಯ ಒಂದು ವರದಿಯಲ್ಲಿ ವಸತ್ ಎಂದರೆ ಅದ್ಲ್, ಅಂದರೆ ನ್ಯಾಯ, ಎಂಬ ವಿವರಣೆಯೇ ಇದೆ. ಅದೇ ವಚನದಲ್ಲಿ ಈ ಸಮುದಾಯ ಜನರಿಗೆ ಸಾಕ್ಷಿಯಾಗಿರಬೇಕು ಎಂಬ ಮಾತೂ ಬರುತ್ತದೆ. ಸಾಕ್ಷಿ ಎಂದರೆ ಕಂಡದ್ದನ್ನು ಕಂಡಂತೆ ಹೇಳುವವನು. ಎರಡೂ ಪಕ್ಷದವರಿಗೆ ಬೇಸರವಾಗದಂತೆ ಹೇಳುವವನನ್ನು ಯಾವ ನ್ಯಾಯಾಲಯವೂ ಒಳ್ಳೆಯ ಸಾಕ್ಷಿ ಎನ್ನುವುದಿಲ್ಲ. 'ಅನ್ನಿಸಾ' ಅಧ್ಯಾಯವಂತೂ ಇನ್ನೂ ನಿಷ್ಠುರ. ಸಾಕ್ಷ್ಯ ನಮ್ಮ ವಿರುದ್ಧ, ಹೆತ್ತವರ ವಿರುದ್ಧ, ನಂಟರ ವಿರುದ್ಧ ಹೋದರೂ ನ್ಯಾಯದ ಪರ ಗಟ್ಟಿಯಾಗಿ ನಿಲ್ಲಬೇಕೆಂಬುದು ಅಲ್ಲಿನ ಆದೇಶ.

ನಮ್ಮ ಕಡಲೆಕಾಯಿ ಮಂಡಿಯ ಹಳೆಯ ತಕ್ಕಡಿಯನ್ನು ನೆನಪಿಸಿಕೊಳ್ಳಿ. ಎರಡು ತಟ್ಟೆ ಸರಿಯಾದಾಗ ಮುಳ್ಳು ನಡುವೆ ಬಂದು ನಿಲ್ಲುತ್ತದೆ. ಮುಳ್ಳು ನಡುವೆ ನಿಲ್ಲುವುದು ತೂಕ ಸರಿಯಾದ ಕಾರಣಕ್ಕೆ. ತೂಕ ಹೇಗಾದರೂ ಇರಲಿ, ಮುಳ್ಳನ್ನು ಬೆರಳಿನಿಂದ ಹಿಡಿದು ನಡುವೆ ನಿಲ್ಲಿಸುವವನು ಮೋಸಗಾರ. ಪಂಚಾಯಿತಿಯಲ್ಲಿ ನಾನು ಮಾಡಿದ್ದು ಅದನ್ನೇ. ಒಂದು ತಟ್ಟೆಯಲ್ಲಿ ಊರಿನ ಹಿರಿಯರು, ಗಂಡನ ಕಡೆಯವರು, ರೂಢಿ, ಎಲ್ಲ ಇದ್ದವು. ಇನ್ನೊಂದು ತಟ್ಟೆ ಮಸೀದಿಯ ಹೊರಗಿತ್ತು. ನಾನು ಮುಳ್ಳು ಹಿಡಿದುಕೊಂಡು, ನೋಡಿ ಸರಿಯಾಗಿದೆ ಎಂದೆ.

ಕುರ್‌ಆನ್‌ನಲ್ಲಿ ಅಳತೆ ತೂಕದ ಮೋಸಗಾರರ ಹೆಸರಿನದೇ ಒಂದು ಅಧ್ಯಾಯವಿದೆ. ತಾವು ಪಡೆಯುವಾಗ ತುಂಬಿಸಿ ಪಡೆಯುವ, ಪರರಿಗೆ ಅಳೆದು ಕೊಡುವಾಗ ಕಡಿಮೆ ಮಾಡುವ ಜನರ ಬಗ್ಗೆ ಅಲ್ಲಿ ಕಠೋರ ಮಾತಿದೆ. ಇದು ಅಂಗಡಿಯವರಿಗೆ ಮಾತ್ರ ಹೇಳಿದ್ದಲ್ಲ. ನಮ್ಮ ಹಕ್ಕು ಕೇಳುವಾಗ ಸಂವಿಧಾನದ ಪೂರ್ತಿ ಪಡಿ ಕೇಳಿ, ನಮ್ಮ ಮನೆಯ ಹೆಣ್ಣಿಗೆ ಕೊಡುವಾಗ 786 ರೂಪಾಯಿ ಅಳೆದು ಕೊಡುವುದೂ ಅದೇ ಮೋಸ.

ವಕೀಲ ಎಂದರೆ ಯಾರು?

'ವಕೀಲ' ಎಂಬ ಪದ ಕನ್ನಡಕ್ಕೆ ಬಂದದ್ದು ಅರಬಿಯಿಂದ. ವಕೀಲ್ ಎಂದರೆ ಇನ್ನೊಬ್ಬರ ಹೊಣೆ ಹೊತ್ತು ಅವರ ಪರವಾಗಿ ನಿಲ್ಲುವವನು. ಅಲ್ಲಾಹನ ಹೆಸರುಗಳಲ್ಲೂ ಇದು ಒಂದು. ಖಾಝಿ ತೀರ್ಪು ಕೊಡುತ್ತಾನೆ, ಮುಫ್ತಿ ಅಭಿಪ್ರಾಯ ಕೊಡುತ್ತಾನೆ. ವಕೀಲನ ಕೆಲಸ ಬೇರೆ. ದನಿ ಇಲ್ಲದವರ ದನಿಯನ್ನು ನ್ಯಾಯದ ಜಾಗಕ್ಕೆ ಒಯ್ಯುವುದು.

ಕಾನೂನು ಓದಿದವರೆಲ್ಲ ಈ ಅರ್ಥದಲ್ಲಿ ವಕೀಲರಾಗುವುದಿಲ್ಲ. ಇಂದೋರಿನ ಶಾಹ್ ಬಾನು ಅವರಿಗೆ ತಲಾಕ್ ಕೊಟ್ಟ ಪತಿಯೂ ವಕೀಲರೇ ಆಗಿದ್ದರು. ಅರವತ್ತು ದಾಟಿದ ಹೆಣ್ಣುಮಗಳು ಜೀವನಾಂಶ ಕೇಳಿ 1978ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮಧ್ಯಪ್ರದೇಶ ಹೈಕೋರ್ಟ್ ತಿಂಗಳಿಗೆ 179 ರೂಪಾಯಿ 20 ಪೈಸೆ ಕೊಡಬೇಕೆಂದಿತು. ಆ ಮೊತ್ತದ ವಿರುದ್ಧ ಪತಿ ಸುಪ್ರೀಂ ಕೋರ್ಟಿನವರೆಗೂ ಹೋದರು. 1985ರ ಏಪ್ರಿಲ್ 23ರಂದು ತೀರ್ಪು ಆಕೆಯ ಪರವಾಯಿತು. ಅದರ ನಂತರದ ಗದ್ದಲ, 1986ರ ಕಾಯ್ದೆ ಎಲ್ಲರಿಗೂ ಗೊತ್ತು. ಆದರೆ ಶಾಹ್ ಬಾನು ಪರ ವಾದಿಸಿದ್ದ ವಕೀಲ ದಾನಿಯಾಲ್ ಲತೀಫಿ ಅಲ್ಲಿಗೆ ಬಿಡಲಿಲ್ಲ. ಹೊಸ ಕಾಯ್ದೆಯನ್ನೇ ಪ್ರಶ್ನಿಸಿದರು. 2001ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಅದನ್ನು ಓದಿದ ರೀತಿ ಬೇರೆ. ಇದ್ದತ್‌ನ ಅವಧಿಯೊಳಗೆ ಪತಿ ಕೊಡಬೇಕಾದದ್ದು ಮೂರು ತಿಂಗಳ ಖರ್ಚು ಮಾತ್ರವಲ್ಲ, ಆಕೆಯ ಮುಂದಿನ ಬದುಕಿಗೂ ಸಾಕಾಗುವ ನ್ಯಾಯವಾದ ಏರ್ಪಾಡನ್ನು ಅಷ್ಟರೊಳಗೆ ಮಾಡಬೇಕು ಎಂದಿತು. ಕಾಯ್ದೆಯ ಒಂದೇ ಒಂದು ಅಕ್ಷರ ಬದಲಾಗಲಿಲ್ಲ, ಸಾವಿರಾರು ಹೆಣ್ಣುಮಕ್ಕಳ ಪಾಲಿಗೆ ಅದರ ಅರ್ಥ ಬದಲಾಯಿತು.

ಕಾನೂನಿನ ವಿದ್ವಾಂಸರಲ್ಲಿ ಮುಂಬೈಯ ಆಸಫ್ ಅಲಿ ಅಸ್ಗರ್ ಫೈಝಿ ಅವರ ಹೆಸರು ಇಲ್ಲಿ ಹೇಳಲೇಬೇಕು. 1899ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡ ಫೈಝಿಯವರು ಮುಂಬೈ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾಗಿದ್ದರು, ಈಜಿಪ್ಟಿಗೆ ಭಾರತದ ರಾಯಭಾರಿಯಾಗಿದ್ದರು. ಮುಸ್ಲಿಂ ಕಾನೂನಿನ ಮೇಲೆ ಅವರು ಬರೆದ ಪುಸ್ತಕ ಇಂದಿಗೂ ವಕೀಲರ ಕಪಾಟಿನಲ್ಲಿ ಇದೆ. ವಿಶ್ವಾಸ ಬೇರೆ, ಕಾನೂನು ಬೇರೆ. ವಿಶ್ವಾಸ ಮನುಷ್ಯನ ಮತ್ತು ದೇವರ ನಡುವಿನದು, ಕಾನೂನು ಕಾಲದೊಂದಿಗೆ ನಡೆಯಬೇಕಾದದ್ದು ಎಂಬುದು ಅವರ ವಾದದ ತಿರುಳು. ಈ ವಾದವನ್ನು ಪೂರ್ತಿ ಒಪ್ಪುವುದು ನನಗೂ ಕಷ್ಟ. ನಿಕಾಹ್, ಉತ್ತರಾಧಿಕಾರ, ಝಕಾತ್ ಇವೆಲ್ಲ ವಿಶ್ವಾಸದ ಬೇರಿನಿಂದಲೇ ಬೆಳೆದ ಕೊಂಬೆಗಳು. ಗೆರೆ ಎಳೆದು ಇದು ಇತ್ತ, ಅದು ಅತ್ತ ಎನ್ನಲಾಗದು. ಆದರೆ ಫೈಝಿ ಕೇಳಿದ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಕಾನೂನಿನ ಅಕ್ಷರ ಕಾನೂನಿನ ಉದ್ದೇಶವನ್ನೇ ತುಳಿಯತೊಡಗಿದರೆ ವಿಶ್ವಾಸಿ ಯಾವುದರ ಜೊತೆ ನಿಲ್ಲಬೇಕು?

ಇದಕ್ಕೆ ಉತ್ತರ ಕೊಟ್ಟವರು ಫೈಝಿಯಂಥ ಆಧುನಿಕರು ಮಾತ್ರ ಎಂದುಕೊಂಡರೆ ತಪ್ಪು. 1930ರ ದಶಕದ ಮಾತು. ಹನಫಿ ಕಾನೂನಿನಂತೆ ಗಂಡ ನಾಪತ್ತೆಯಾದರೂ, ಅನ್ನ ಹಾಕದಿದ್ದರೂ ಹೆಣ್ಣಿಗೆ ಬಿಡುಗಡೆ ಸಿಗುವುದು ಬಹಳ ಕಷ್ಟವಾಗಿತ್ತು. ಬೇರೆ ದಾರಿ ಕಾಣದೆ ಕೆಲವು ಹೆಂಗಸರು ಮದುವೆಯಿಂದ ಪಾರಾಗಲೆಂದೇ ಧರ್ಮ ಬಿಡುತ್ತಿದ್ದರು. ಇದನ್ನು ಕಂಡು ಕಳವಳಗೊಂಡವರು ದೇವಬಂದ್ ಪರಂಪರೆಯ ಮೌಲಾನಾ ಅಶ್ರಫ್ ಅಲಿ ಥಾನವಿ. ಅವರನ್ನು ಯಾರೂ ಸುಧಾರಣಾವಾದಿ ಎಂದು ಕರೆಯಲಾರರು. ಅವರು ಮದೀನಾದ ಮಾಲಿಕಿ ವಿದ್ವಾಂಸರ ಅಭಿಪ್ರಾಯ ತರಿಸಿ, ಇಂಥ ಸಂಕಟದಲ್ಲಿ ಮಾಲಿಕಿ ಮಝ್‌ಹಬ್‌ನಂತೆ ಹೆಣ್ಣಿಗೆ ಬಿಡುಗಡೆ ಕೊಡಬಹುದೆಂದು 'ಅಲ್ ಹೀಲತುನ್ನಾಜಿಝಾ' ಎಂಬ ಗ್ರಂಥ ಸಿದ್ಧಪಡಿಸಿದರು. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಗೆ ಇದು ದಾರಿ ಮಾಡಿತು. ನಾಲ್ಕು ವರ್ಷ ಗಂಡನ ಸುಳಿವಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಹಿಂಸಿಸಿದರೆ ಹೆಂಡತಿ ನ್ಯಾಯಾಲಯದಿಂದ ಬಿಡುಗಡೆ ಪಡೆಯಬಹುದೆಂದು ಆ ಕಾಯ್ದೆ ಹೇಳಿತು.

ಫೈಝಿ ಮತ್ತು ಥಾನವಿ, ವೇಷದಲ್ಲಿ, ವಿಚಾರದಲ್ಲಿ ಎರಡು ದಡದವರು. ಆದರೂ ಇಬ್ಬರೂ ಹೆಣ್ಣಿನ ಅಳಲನ್ನು ತೂಕಕ್ಕೆ ಹಾಕಿದರು. ಮಧ್ಯಮ ಎಂಬುದು ಗಡ್ಡದ ಉದ್ದದಲ್ಲಾಗಲಿ ಸೂಟಿನ ಬಟ್ಟೆಯಲ್ಲಾಗಲಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೂರು ಆಕ್ಷೇಪಗಳು

ಬಾನು ಅವರಂಥವರ ಬಗ್ಗೆ ನಮ್ಮವರು ಎತ್ತುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕಬಾರದು. ಅವುಗಳಲ್ಲಿ ನೋವಿದೆ, ಸ್ವಲ್ಪ ಸತ್ಯವೂ ಇದೆ.

ಮೊದಲನೆಯದು, ಆಲಿಮರಲ್ಲದವರು ಧರ್ಮದ ಮಾತಾಡಬಹುದೇ ಎಂಬುದು. ತೀರ್ಪು ಕೊಡಲು ವಿದ್ಯೆ ಬೇಕು, ನಿಜ. ಅಳಲು ಹೇಳಿಕೊಳ್ಳಲು ಯಾವ ಸನದು ಬೇಕು? ಪ್ರವಾದಿ(ಸ)ಯವರ ಬಳಿಗೆ ಖೌಲಾ ಬಿಂತ್ ಸಅಲಬಾ ಎಂಬ ಮಹಿಳೆ ಬಂದು ತನ್ನ ಗಂಡ ಮಾಡಿದ ಅನ್ಯಾಯದ ಕುರಿತು ವಾದಿಸಿದರು. ಆಕೆಯ ವಾದವನ್ನು ಅಲ್ಲಾಹನು ಆಲಿಸಿದನೆಂದು ಕುರ್‌ಆನ್ ಹೇಳುತ್ತದೆ. ಆ ಅಧ್ಯಾಯಕ್ಕೆ 'ಅಲ್ ಮುಜಾದಿಲಾ', ವಾದಿಸುವವಳು, ಎಂದೇ ಹೆಸರು. ತಮ್ಮನನ್ನು ಕಳಿಸು, ನೀನು ಮರದ ಕೆಳಗೆ ಕೂತಿರು ಎಂದು ಆಕೆಗೆ ಯಾರೂ ಹೇಳಲಿಲ್ಲ.

ಮಸೀದಿಯ ಪ್ರಶ್ನೆಯೂ ಹಾಗೆಯೇ. ಪ್ರವಾದಿ(ಸ)ಯವರ ಕಾಲದಲ್ಲಿ ಹೆಂಗಸರು ಮಸೀದಿಯಲ್ಲಿ ನಮಾಝ್ ಮಾಡುತ್ತಿದ್ದರು, ಅವರನ್ನು ತಡೆಯಬೇಡಿ ಎಂಬ ಅರ್ಥದ ಹದೀಸ್ ಇದೆ. 2000ದಲ್ಲಿ ಹಾಸನದಲ್ಲಿ ಬಹಿಷ್ಕಾರಕ್ಕೆ ಕಾರಣವಾದ ಮಾತನ್ನೇ 2020ರ ಜನವರಿಯಲ್ಲಿ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಹೇಳಿತು: ಮಹಿಳೆ ಮಸೀದಿಗೆ ಬಂದು ನಮಾಝ್ ಮಾಡಲು ಇಸ್ಲಾಮಿನಲ್ಲಿ ಅನುಮತಿಯಿದೆ. ಪುಣೆಯ ದಂಪತಿ ಹೂಡಿದ್ದ ಮೊಕದ್ದಮೆಯಲ್ಲಿ ಈ ಹೇಳಿಕೆ ಬಂತು. ಇಪ್ಪತ್ತು ವರ್ಷದ ಹಿಂದೆ ಅಪರಾಧವಾಗಿದ್ದ ಮಾತು ಈಗ ಅಧಿಕೃತ ನಿಲುವು. ಆದರೆ ಆ ಮೂರು ತಿಂಗಳ ಲೆಕ್ಕವನ್ನು ಅವರ ಕುಟುಂಬಕ್ಕೆ ಯಾರು ಕೊಡುತ್ತಾರೆ?

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಸಮುದಾಯ ಸುತ್ತಲಿಂದ ಏಟು ತಿನ್ನುತ್ತಿರುವಾಗ ಮನೆಯ ಮಾತನ್ನು ಬೀದಿಗೆ ತರಬೇಕೇ? ನಾವು ನ್ಯಾಯಕ್ಕಾಗಿ ಆಡಿದ ಮಾತನ್ನು ದ್ವೇಷಿಸುವವರು ಎತ್ತಿಕೊಂಡು ನಮಗೇ ಹೊಡೆಯುತ್ತಾರಲ್ಲ? ಹೊಡೆಯುತ್ತಾರೆ, ಸುಳ್ಳಲ್ಲ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಮ್ಮೆಗೇ ಹೇಳುವ ಮೂರು ತಲಾಕನ್ನು ಮೂರಕ್ಕೆ ಎರಡರ ಬಹುಮತದಿಂದ ರದ್ದು ಮಾಡಿತು. 2019ರಲ್ಲಿ ಬಂದ ಕಾಯ್ದೆ ಅದನ್ನು ಮೂರು ವರ್ಷದವರೆಗೆ ಜೈಲಿನ ಅಪರಾಧವಾಗಿಸಿತು. ಗಂಡನನ್ನು ಜೈಲಿಗೆ ಹಾಕಿದರೆ ಹೆಂಡತಿ ಮಕ್ಕಳಿಗೆ ಅನ್ನ ಹಾಕುವವರಾರು ಎಂಬ ಪ್ರಶ್ನೆಯನ್ನು ಮಹಿಳೆಯರ ಪರ ದುಡಿದವರೇ ಕೇಳಿದರು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ 2017ರ ತೀರ್ಪಿನಲ್ಲಿ ಅಲ್ಪಮತದ ಕಡೆ ಇದ್ದರು. ವೈಯಕ್ತಿಕ ಕಾನೂನಿಗೆ ಸಂವಿಧಾನದ ರಕ್ಷಣೆಯಿದೆ, ಬದಲಾವಣೆ ಶಾಸನಸಭೆಯ ಮೂಲಕ ಆಗಲಿ ಎಂಬ ನಿಲುವಿಗೆ ಮುಖ್ಯ ನ್ಯಾಯಮೂರ್ತಿ ಖೇಹರ್ ಅವರೊಂದಿಗೆ ಸಹಿ ಹಾಕಿದರು. ಯಾರು ಸುಧಾರಿಸಬೇಕು ಎಂಬುದೂ ನ್ಯಾಯದ ಪ್ರಶ್ನೆಯೇ.

ಆದರೆ ಇದರಿಂದ ಹೊರಡುವ ಪಾಠ ಯಾವುದು? ಬಾಯಿ ಮುಚ್ಚಿಕೊಂಡಿರಬೇಕು ಎಂಬುದಲ್ಲ. ಮನೆಯೊಳಗೆ ಕೇಳುವ ಕಿವಿ ಇದ್ದಿದ್ದರೆ ಮಾತು ಬೀದಿಗೆ ಬರುತ್ತಿತ್ತೇ? ನಮ್ಮ ಪಂಚಾಯಿತಿಯಲ್ಲಿ ಆಕೆಯನ್ನು ಒಳಗೆ ಕರೆದಿದ್ದರೆ ಆಕೆ ಮಧುಗಿರಿಯ ಕೋರ್ಟಿಗೆ ಅಲೆಯಬೇಕಿತ್ತೇ? ಬೇರೆಯವರ ಕೈಗೆ ಕಲ್ಲು ಕೊಟ್ಟವರು ಅಳುವವರಲ್ಲ, ಅಳುವಂತೆ ಮಾಡಿದವರು.

ಮೂರನೆಯ ಆಕ್ಷೇಪ, ಸೌಮ್ಯವಾದಿ ಎಂಬುದು ಹೊರಗಿನವರು ಕೊಡುವ ಸರ್ಟಿಫಿಕೇಟು ಎಂಬುದು. ಇದರಲ್ಲಿ ಬಹಳ ಸತ್ಯವಿದೆ. 2001ರ ಅಮೆರಿಕದ ದಾಳಿಯ ನಂತರ ಜಗತ್ತು ಮುಸ್ಲಿಮರನ್ನು ಎರಡು ಗೂಡಿಗೆ ಹಾಕಿತು, ಒಳ್ಳೆಯ ಮುಸ್ಲಿಂ, ಕೆಟ್ಟ ಮುಸ್ಲಿಂ. ತನ್ನವರನ್ನು ಬೈದಷ್ಟೂ ಒಳ್ಳೆಯವನಾಗುವ ವ್ಯವಸ್ಥೆ ಅದು. ಆ ಸರ್ಟಿಫಿಕೇಟಿಗಾಗಿ ಮಾತಾಡುವವರೂ ಇದ್ದಾರೆ. ಹಾಗಾದರೆ ನಿಜವಾದ ಮಧ್ಯಮಮಾರ್ಗಿಯನ್ನು ಗುರುತಿಸುವುದು ಹೇಗೆ? ನನಗೆ ತೋಚಿದ ಒರೆಗಲ್ಲು ಒಂದೇ. ತನ್ನವರ ತಪ್ಪನ್ನು ತೂಗುವ ತಕ್ಕಡಿಯಲ್ಲೇ ಅವರು ಬೇರೆಯವರ ತಪ್ಪನ್ನೂ ತೂಗುತ್ತಾರೆಯೇ?

ಎರಡೂ ಕಡೆಯಿಂದ

ಈ ಒರೆಗಲ್ಲಿಗೆ ಬಾನು ಅವರ ಬದುಕನ್ನು ತಿಕ್ಕಿ ನೋಡಿ. ಬಹಿಷ್ಕಾರ ಉಂಡ ಮೇಲೆ ಸಮುದಾಯಕ್ಕೆ ಬೆನ್ನು ತಿರುಗಿಸಿ ಹೋಗಬಹುದಿತ್ತು. ಬಾಗಿಲು ತೆರೆದು ಕಾಯುವವರು ಬೇಕಾದಷ್ಟಿದ್ದರು. ಅವರು ಹೋಗಲಿಲ್ಲ. ಬಾಬಾಬುಡನ್‌ಗಿರಿಯಲ್ಲಿ ಮುಸ್ಲಿಮರಿಗೆ ದಾರಿ ಮುಚ್ಚುವ ಪ್ರಯತ್ನ ನಡೆದಾಗ ಕೋಮು ಸೌಹಾರ್ದ ವೇದಿಕೆಯ ಜೊತೆ ನಿಂತರು. 2022ರಲ್ಲಿ ಹಿಜಾಬ್ ತೊಟ್ಟ ಹುಡುಗಿಯರನ್ನು ತರಗತಿಯ ಹೊರಗೆ ನಿಲ್ಲಿಸಿದಾಗ ಆ ಹುಡುಗಿಯರ ಹಕ್ಕಿನ ಪರ ಮಾತಾಡಿದರು. ಮಸೀದಿಯ ಬಾಗಿಲು ಹೆಣ್ಣಿಗೆ ತೆರೆಯಲಿ ಎಂದವರೇ ಶಾಲೆಯ ಬಾಗಿಲೂ ತೆರೆಯಲಿ ಎಂದರು. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ಬಾಗಿಲು ಕಾಣುತ್ತದೆ, ಹೊರಗೆ ನಿಂತ ಹುಡುಗಿ ಕಾಣುವುದಿಲ್ಲ.

2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಹನ್ನೆರಡು ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಕಿ ದೀಪಾ ಭಾಸ್ತಿ. ಕನ್ನಡಕ್ಕೆ ಆ ಪ್ರಶಸ್ತಿ ಮೊದಲು, ಸಣ್ಣಕಥೆಗಳ ಸಂಕಲನಕ್ಕೂ ಮೊದಲು. ಹಾಸನ, ಹೊಳೆನರಸೀಪುರಗಳ ಓಣಿಯಲ್ಲಿ ಕಾಣಸಿಗುವಂಥ ಹೆಂಗಸರ ನಿಟ್ಟುಸಿರು ಜಗತ್ತಿಗೆ ಕೇಳಿಸಿತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಇನ್ನೊಂದು ಬಾಗಿಲು ಮುಚ್ಚತೊಡಗಿತು. ಮುಸ್ಲಿಂ ಮಹಿಳೆ ಚಾಮುಂಡಿಯ ಮುಂದೆ ದೀಪ ಹಚ್ಚಬಾರದು ಎಂದು ಕೆಲವರು ಕೋರ್ಟಿಗೆ ಹೋದರು. 2017ರಲ್ಲಿ ಕವಿ ಕೆ. ಎಸ್. ನಿಸಾರ್ ಅಹಮದ್ ಅದೇ ದಸರಾ ಉದ್ಘಾಟಿಸಿದ್ದರೆಂಬುದನ್ನು ಮರೆತರು. ಸೆಪ್ಟೆಂಬರ್ 15ರಂದು ಹೈಕೋರ್ಟ್, 19ರಂದು ಸುಪ್ರೀಂ ಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿದವು. 22ರಂದು ಬಾನು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಬೇರೆ ಧರ್ಮದ ಆಚರಣೆಯಲ್ಲಿ ವಿಶ್ವಾಸಿಯೊಬ್ಬರು ಎಷ್ಟರ ಮಟ್ಟಿಗೆ ಪಾಲ್ಗೊಳ್ಳಬಹುದು ಎಂದು ನಮ್ಮಲ್ಲೂ ಕೆಲವರು ಕೇಳಿದರು. ಅದು ಅವರವರ ಅಂತಃಸಾಕ್ಷಿಯ ಪ್ರಶ್ನೆ, ಭಿನ್ನಾಭಿಪ್ರಾಯಕ್ಕೆ ಅಲ್ಲಿ ಜಾಗವಿದೆ. ನಾನು ಗಮನಿಸಿದ್ದು ಬೇರೆ. ಇಪ್ಪತ್ತೈದು ವರ್ಷದ ಅಂತರದಲ್ಲಿ ಒಬ್ಬ ಹೆಣ್ಣುಮಗಳಿಗೆ ಎರಡು ಬಾಗಿಲಲ್ಲಿ ಒಂದೇ ಮಾತು ಕೇಳಿಸಿತು: ಇದು ನಿನ್ನ ಜಾಗವಲ್ಲ.

ಎರಡೂ ಕಡೆಯಿಂದ ಚಹಾ ಬಂದದ್ದು ನನಗೆ. ಎರಡೂ ಕಡೆಯಿಂದ ಕಲ್ಲು ಬಂದದ್ದು ಅವರಿಗೆ. ಹಾಗೆಂದು ಕಲ್ಲು ತಿಂದವರೆಲ್ಲ ನ್ಯಾಯವಂತರು ಎನ್ನುತ್ತಿಲ್ಲ. ಬರೀ ಜಗಳಗಂಟನಿಗೂ ಎರಡೂ ಕಡೆಯಿಂದ ಏಟು ಬೀಳುತ್ತದೆ. ಆದರೆ ನ್ಯಾಯದ ತೂಕ ಸರಿಯಾಗಿದ್ದರೆ ಬಲವಿದ್ದ ಕಡೆಯವರಿಗೆ ಅದು ಯಾವಾಗಲೂ ತಮ್ಮ ವಿರುದ್ಧ ವಾಲಿದಂತೆಯೇ ಕಾಣುತ್ತದೆ. ಮಸೀದಿಯ ಅಂಗಳದಲ್ಲಿ ಬಲವಿದ್ದವರು ನಾವು ಗಂಡಸರು. ನಾಡಿನ ಬೀದಿಯಲ್ಲಿ ಬಲವಿದ್ದವರು ಬೇರೆ. ಜಾಗ ಬದಲಾದಂತೆ ಬಲ ಬದಲಾಗುತ್ತದೆ, ತಕ್ಕಡಿ ಬದಲಾಗಬಾರದು.

ಸಾಕ್ಷಿ ಹೇಳಿದವರು

ಆ ಹೆಣ್ಣುಮಗಳು ನಮ್ಮ ತೀರ್ಮಾನ ಒಪ್ಪಲಿಲ್ಲ. ಮಧುಗಿರಿಯ ಕೋರ್ಟಿನಲ್ಲಿ 1986ರ ಕಾಯ್ದೆಯ ಕೆಳಗೆ ಅರ್ಜಿ ಹಾಕಿದಳು. ಗಂಡ, ನಾನು ತಲಾಕ್‌ನ ಕಾಗದ ಬರೆದೇ ಇಲ್ಲ, ಪಂಚಾಯಿತಿಯೇ ನಡೆದಿಲ್ಲ ಎಂದ. ಆಕೆ ನನ್ನ ಮನೆಗೆ ಬಂದು, "ಮೇಷ್ಟ್ರೇ, ನೀವು ಕಂಡದ್ದನ್ನು ಬಂದು ಹೇಳಿ ಸಾಕು" ಎಂದಳು. ಶಾಲೆಯ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಇದ್ದದ್ದು ನಿಜ. ಅದು ಕಾರಣವಾಗಿರಲಿಲ್ಲ ಎಂಬುದೂ ನಿಜ.

ಸಾಕ್ಷಿ ಹೇಳಿದವರು ಊರಿನ 'ದರ್ಜಿ ಚಾಚಾ'. ಹೆಬ್ಬೆಟ್ಟಿನ ಮನುಷ್ಯ, ಪಂಚಾಯಿತಿಯಲ್ಲಿ ಬಾಗಿಲ ಬಳಿ ಕೂತಿದ್ದವರು, ಒಂದು ಮಾತೂ ಆಡದಿದ್ದವರು. ಒಂದು ದಿನದ ಹೊಲಿಗೆ ಬಿಟ್ಟು ಬಸ್ಸು ಹತ್ತಿ ಮಧುಗಿರಿಗೆ ಹೋಗಿ, ಕಾಗದ ಓದಿದ್ದು, ತೀರ್ಮಾನವಾದದ್ದು, ಆಕೆಯನ್ನು ಒಳಗೆ ಕರೆಯದಿದ್ದದ್ದು ಎಲ್ಲವನ್ನೂ ಹೇಳಿ ಬಂದರು. ಆಮೇಲೆ ಕೆಲವು ಮನೆಯವರು ಅವರಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಮೊಕದ್ದಮೆ ಎಳೆದಾಡಿತು. 2001ರ ತೀರ್ಪು ಬಂದ ಮೇಲೆ ಗಂಡನ ಕಡೆಯವರು ರಾಜಿಗೆ ಬಂದರು. ಸಿಕ್ಕ ಹಣದಿಂದ ಆಕೆ ಹೊಲಿಗೆ ಯಂತ್ರ ಕೊಂಡಳು, ಚಾಚಾ ಕೆಲಸ ಕಲಿಸಿದರು. ಇಬ್ಬರು ಮಕ್ಕಳೂ ಓದಿದರು.

2024ರ ಜುಲೈನಲ್ಲಿ, ತಲಾಕ್ ಆದ ಮುಸ್ಲಿಂ ಮಹಿಳೆ ಬೇರೆಲ್ಲ ಮಹಿಳೆಯರಂತೆ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಕೆಳಗೂ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ ಹೇಳಿದ ದಿನ ನನಗೆ ಮತ್ತೆ ಚಾಚಾ ನೆನಪಾದರು. ಅವರಿಗೆ ಫೈಝಿ ಗೊತ್ತಿರಲಿಲ್ಲ, ಥಾನವಿಯವರ ಗ್ರಂಥ ಗೊತ್ತಿರಲಿಲ್ಲ. ವಸತ್ ಎಂಬ ಪದಕ್ಕೆ ಅರ್ಥ ಕೇಳಿದ್ದರೆ ನಗುತ್ತಿದ್ದರೇನೋ. ಕಂಡದ್ದನ್ನು ಕಂಡಂತೆ ತನ್ನವರ ಎದುರಿಗೇ ಹೇಳಿದರು, ಅಷ್ಟೆ. ನಾಡಿಗೆ ಬಾನು ಮುಷ್ತಾಕ್ ಅವರಂಥವರು ಬೇಕು. ಅಂಥವರು ಒಂಟಿಯಾಗದಿರಲು ಪ್ರತಿ ಊರಿನಲ್ಲೂ ಒಬ್ಬ ದರ್ಜಿ ಚಾಚಾ ಬೇಕು.

ಈಗ ನನಗೆ ವಯಸ್ಸಾಗಿದೆ. ಆದರೂ ಅಪರೂಪಕ್ಕೆ ಪಂಚಾಯಿತಿಗೆ ಕರೆಯುತ್ತಾರೆ. ಹೋದ ಕೂಡಲೇ ನಾನು ಕೇಳುವುದು ಒಂದೇ ಪ್ರಶ್ನೆ: "ಹುಡುಗಿ ಎಲ್ಲಿ ಕೂತಿದ್ದಾಳೆ?" ಒಳಗೆ ಕರೆದರೆ ಕೂರುತ್ತೇನೆ, ಇಲ್ಲವಾದರೆ ಎದ್ದು ಬರುತ್ತೇನೆ. ಇತ್ತೀಚೆಗೆ ನನ್ನನ್ನು ಕರೆಯುವುದು ಕಡಿಮೆಯಾಗಿದೆ. ಮೊದಲಿನಂತೆ ಮೇಷ್ಟ್ರು ಎರಡೂ ಕಡೆಗೆ ಬೇಕಾದವರಲ್ಲ, ಹಟಮಾರಿ ಆಗಿದ್ದಾರೆ ಎನ್ನುತ್ತಾರಂತೆ. ಆ ಮಾತು ಕಿವಿಗೆ ಬಿದ್ದಾಗ ಮೊದಲ ಸಲ ನನಗೆ ಸಮಾಧಾನವಾಯಿತು.